ಒಂದು ಫರ್ನೇಸ್, ಹಲವು ಥರ್ಮೋಸ್ಟಾಟ್: ತೀರ್ಮಾನ ಯಾರದು?

ಅಮೆರಿಕದ ಎರಡಂತಸ್ತಿನ ಮನೆಗಳಲ್ಲಿ ಜುಲೈ ತಿಂಗಳ ಮಧ್ಯಾಹ್ನ ಒಂದು ದೂರು ತಪ್ಪದೆ ಕೇಳಿಬರುತ್ತದೆ. ಕೆಳಗಿನ ಹಾಲ್‌ನಲ್ಲಿ ಕುಳಿತವರು ಶಾಲು ಹೊದ್ದಿರುತ್ತಾರೆ, ಮಹಡಿಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತವರು ಬೆವರು ಒರೆಸಿಕೊಳ್ಳುತ್ತಿರುತ್ತಾರೆ. ಕೆಳಗಿನ ಗೋಡೆಯ ಥರ್ಮೋಸ್ಟಾಟ್ 74 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿ, ಕೆಲಸ ಮುಗಿಯಿತೆಂದು ಯಂತ್ರವನ್ನು ನಿಲ್ಲಿಸಿರುತ್ತದೆ. ಡಲ್ಲಾಸ್, ಅಟ್ಲಾಂಟಾ, ನ್ಯೂಜೆರ್ಸಿಗಳ ಉಪನಗರಗಳಲ್ಲಿ ಮನೆ ಕೊಂಡ ಕನ್ನಡಿಗರಿಗೆ ಇದು ಚೆನ್ನಾಗಿ ಗೊತ್ತಿರುವ ಸಂಗತಿ. ಊರಿನಿಂದ ಅಪ್ಪ ಅಮ್ಮ ಆರು ತಿಂಗಳ ಮಟ್ಟಿಗೆ ಬಂದರೆ ಸಮಸ್ಯೆ ಇನ್ನೂ ಬಿಗಿಯಾಗುತ್ತದೆ. ಮೈಸೂರಿನ ಹವೆಗೆ ಒಗ್ಗಿದ ಮೈಗೆ 70 ಡಿಗ್ರಿ, ಅಂದರೆ ನಮ್ಮ ಲೆಕ್ಕದ 21, ಚಳಿಯೇ. ಆದರೆ ಮೇಲೆ ಮಲಗಿದ ಮಗುವಿಗೆ 70 ಇಲ್ಲದಿದ್ದರೆ ನಿದ್ದೆ ಬಾರದು. ಆಗ ಮನೆಯವರ ತಲೆಗೆ ಸಹಜವಾಗಿ ಹೊಳೆಯುವ ಪ್ರಶ್ನೆ: ಮೇಲೆಯೂ ಒಂದು ಸ್ಮಾರ್ಟ್ ಥರ್ಮೋಸ್ಟಾಟ್ ಹಾಕಿಬಿಟ್ಟರೆ ಆಗುವುದಿಲ್ಲವೇ?

ಆಗುತ್ತದೆ. ಆದರೆ ಆ ಕೆಲಸದಲ್ಲಿ ಥರ್ಮೋಸ್ಟಾಟ್ ಎಂಬುದು ಅತಿ ಅಗ್ಗದ, ಅತಿ ಸುಲಭದ ಭಾಗ. ಉಳಿದದ್ದು ಗಾಳಿ ಹೋಗುವ ದಾರಿಗೆ ಸಂಬಂಧಿಸಿದ್ದು, ಮತ್ತು ಎರಡು ಬೇಡಿಕೆಗಳು ಒಂದಕ್ಕೊಂದು ಎದುರಾದಾಗ ತೀರ್ಮಾನ ಹೇಳುವವರು ಯಾರು ಎಂಬುದಕ್ಕೆ ಸಂಬಂಧಿಸಿದ್ದು.

ಮಹಡಿಗೂ ಕೆಳಗಿನ ಅಂತಸ್ತಿಗೂ ಇಷ್ಟು ವ್ಯತ್ಯಾಸ ಬರುವುದೇಕೆ? ಈ ಮನೆಗಳಲ್ಲಿ ಬಿಸಿಗೂ ತಂಪಿಗೂ ಒಂದೇ ಗಾಳಿ. ಬೇಸ್‌ಮೆಂಟಿನಲ್ಲೋ ಗ್ಯಾರೇಜಿನಲ್ಲೋ ಫರ್ನೇಸ್, ಅದಕ್ಕೆ ಹೊಂದಿಕೊಂಡು ತಂಪು ಕಾಯಿಲ್, ಎರಡಕ್ಕೂ ಸೇರಿ ಒಂದು ಬ್ಲೋಯರ್, ಅಲ್ಲಿಂದ ಎಲ್ಲ ಕೋಣೆಗಳಿಗೂ ಕವಲೊಡೆದ ತಗಡಿನ ಡಕ್ಟ್‌ಗಳು. ಇಷ್ಟಕ್ಕೂ ಒಡೆಯ ಒಂದೇ ಥರ್ಮೋಸ್ಟಾಟ್. ಅದು ಕೆಳಗಿನ ಹಜಾರದ ಒಳಗೋಡೆಯಲ್ಲಿ, ನೆಲದಿಂದ ಸುಮಾರು ಐದು ಅಡಿ ಎತ್ತರದಲ್ಲಿ, ಬಿಸಿಲು ಬೀಳದ ಮನೆಯ ಅತ್ಯಂತ ಶಾಂತ ಜಾಗದಲ್ಲಿ ಕೂತಿರುತ್ತದೆ. ಆ ಜಾಗದ ಹದವನ್ನೇ ಅದು ಇಡೀ ಮನೆಯ ಹದವೆಂದು ಓದುತ್ತದೆ. ಮೇಲೆ ನೋಡಿದರೆ, ಚಾವಣಿಯ ಕೆಳಗಿನ ಅಟ್ಟ ಬೇಸಿಗೆಯ ಮಧ್ಯಾಹ್ನ 120 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 49 ಸೆಲ್ಸಿಯಸ್ ಮುಟ್ಟುವುದು ಸಾಮಾನ್ಯ. ಮಲಗುವ ಕೋಣೆಗಳಿಗೆ ತಂಪು ಗಾಳಿ ಒಯ್ಯುವ ಡಕ್ಟ್‌ಗಳು ಎಷ್ಟೋ ಮನೆಗಳಲ್ಲಿ ಆ ಅಟ್ಟದ ಮೂಲಕವೇ ಹಾಯುತ್ತವೆ. ಸಾಮಾನ್ಯ ಮನೆಯೊಂದರಲ್ಲಿ ಡಕ್ಟ್‌ಗಳಲ್ಲಿ ಹರಿಯುವ ಗಾಳಿಯ ಶೇ 20ರಿಂದ 30ರಷ್ಟು ಸೋರಿ ಹೋಗುತ್ತದೆ ಎಂಬುದು ಅಮೆರಿಕ ಸರ್ಕಾರದ ಎನರ್ಜಿ ಸ್ಟಾರ್ ಕಾರ್ಯಕ್ರಮದ ಅಂದಾಜು. ಅಟ್ಟದಲ್ಲಿ ಸೋರಿದ್ದು ಅಟ್ಟಕ್ಕೇ ಸಲ್ಲುತ್ತದೆ, ಮಗುವಿನ ಕೋಣೆಗೆ ಮುಟ್ಟುವುದಿಲ್ಲ.

ಇನ್ನು ಥರ್ಮೋಸ್ಟಾಟ್ ಒಳಗೆ ಏನಿದೆ ಎಂದು ನೋಡೋಣ. ಅದರ ಮುಖವನ್ನು ಮೆಲ್ಲಗೆ ಎಳೆದು ತೆಗೆದರೆ ಗೋಡೆಯಿಂದ ಹೊರಬಂದ ನಾಲ್ಕೈದು ತೆಳು ತಂತಿಗಳು ಕಾಣುತ್ತವೆ. ಫರ್ನೇಸಿನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಕೊಡುವ 24 ವೋಲ್ಟ್ ಇವುಗಳಲ್ಲಿ ಹರಿಯುತ್ತದೆ. ‘ಆರ್’ ಎಂದು ಗುರುತಿಟ್ಟ ಕೆಂಪು ತಂತಿಯಲ್ಲಿ ವಿದ್ಯುತ್ ಬರುತ್ತದೆ. ಅದನ್ನು ‘ಡಬ್ಲ್ಯೂ’ ತಂತಿಗೆ ಮುಟ್ಟಿಸಿದರೆ ಫರ್ನೇಸ್ ಹೊತ್ತಿಕೊಳ್ಳುತ್ತದೆ, ‘ವೈ’ಗೆ ಮುಟ್ಟಿಸಿದರೆ ಹೊರಗಿನ ಕಂಪ್ರೆಸರ್ ಶುರುವಾಗುತ್ತದೆ, ‘ಜಿ’ಗೆ ಮುಟ್ಟಿಸಿದರೆ ಬ್ಲೋಯರ್ ತಿರುಗುತ್ತದೆ. ‘ಸಿ’ ತಂತಿ ವಿದ್ಯುತ್ತಿಗೆ ಹಿಂದಿರುಗುವ ದಾರಿ. ಇಷ್ಟೇ. ಹೆನ್ರಿ ಡ್ರೇಫಸ್ ವಿನ್ಯಾಸ ಮಾಡಿ ಹನಿವೆಲ್ 1953ರಲ್ಲಿ ಮಾರುಕಟ್ಟೆಗೆ ತಂದ ದುಂಡನೆಯ ಥರ್ಮೋಸ್ಟಾಟ್ ಪಾದರಸ ತುಂಬಿದ ಪುಟ್ಟ ಬುರುಡೆಯನ್ನು ಓರೆಯಾಗಿಸಿ ಮಾಡುತ್ತಿದ್ದ ಕೆಲಸವನ್ನೇ 2011ರಲ್ಲಿ ಬಂದ ನೆಸ್ಟ್ ಎಂಬ ಸ್ಮಾರ್ಟ್ ಥರ್ಮೋಸ್ಟಾಟ್ ವೈಫೈ, ಸೆನ್ಸರ್, ಸಾಫ್ಟ್‌ವೇರ್ ಇಟ್ಟುಕೊಂಡು ಮಾಡುತ್ತದೆ. ಯಾವಾಗ ಮುಟ್ಟಿಸಬೇಕು ಎಂಬ ಬುದ್ಧಿ ಬೆಳೆದಿದೆ. ಮುಟ್ಟಿಸುವುದು ಮಾತ್ರ ಹಾಗೆಯೇ ಇದೆ.

ಹೀಗಿರುವಾಗ ಎರಡು ಥರ್ಮೋಸ್ಟಾಟ್‌ಗಳನ್ನು ಅದೇ ತಂತಿಗಳಿಗೆ ಜೋಡಿಸಿದರೆ ಏನಾಗುತ್ತದೆ? ಕೆಳಗಿನದು ಸುಮ್ಮನಿದ್ದು ಮೇಲಿನದು ತಂಪು ಕೇಳಿದರೆ ಕಂಪ್ರೆಸರ್ ಓಡುತ್ತದೆ, ಆದರೆ ತಂಪು ಎರಡೂ ಅಂತಸ್ತಿಗೆ ಹರಿಯುತ್ತದೆ. ಮೇಲೆ 75ಕ್ಕೆ ಬರುವ ಹೊತ್ತಿಗೆ ಕೆಳಗೆ 68 ಆಗಿ ಅಜ್ಜ ಸ್ವೆಟರ್ ಹುಡುಕುತ್ತಾರೆ. ಇದು ಸಹಿಸಬಹುದಾದ ತೊಂದರೆ, ದೊಡ್ಡದು ಬೇರೆಯಿದೆ. ಏಪ್ರಿಲ್, ಅಕ್ಟೋಬರಿನಂಥ ತಿಂಗಳಲ್ಲಿ ಬೆಳಗ್ಗೆ ಚಳಿ, ಮಧ್ಯಾಹ್ನ ಬಿಸಿಲು. ಕೆಳಗಿನದು ಬಿಸಿ ಕೇಳುವ ಹೊತ್ತಿಗೇ ಮೇಲಿನದು ತಂಪು ಕೇಳಿದರೆ ‘ಡಬ್ಲ್ಯೂ’ಗೂ ‘ವೈ’ಗೂ ಒಟ್ಟಿಗೆ ವಿದ್ಯುತ್ ಹೋಗುತ್ತದೆ. ಕೆಲವು ಯಂತ್ರಗಳಲ್ಲಿ ಫರ್ನೇಸೂ ಕಂಪ್ರೆಸರೂ ಒಂದೇ ಗಾಳಿಯಲ್ಲಿ ಎದುರುಬದುರಾಗಿ ಓಡತೊಡಗುತ್ತವೆ. ಕಂಪ್ರೆಸರ್ ನಿಂತ ಮೇಲೆ ಸುಮಾರು ಐದು ನಿಮಿಷ ಬಿಡುವು ಕೊಟ್ಟೇ ಮತ್ತೆ ಶುರು ಮಾಡಬೇಕೆಂಬ ನಿಯಮವಿದೆ. ಎರಡು ಥರ್ಮೋಸ್ಟಾಟ್‌ಗಳು ತಮ್ಮ ತಮ್ಮ ಗಡಿಯಾರ ನೋಡಿಕೊಂಡು ಆ ಐದು ನಿಮಿಷ ಎಣಿಸುತ್ತವೆ, ಇನ್ನೊಂದು ಯಾವಾಗ ನಿಲ್ಲಿಸಿತೆಂಬುದು ಯಾವುದಕ್ಕೂ ತಿಳಿಯದು. ಆದ್ದರಿಂದ ತಂತಿಗೆ ತಂತಿ ಕಟ್ಟುವ ಈ ದಾರಿ ಬೇಡ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಬಿಸಿ ಮಾತ್ರ ಇರುವ, ತಂಪೇ ಇಲ್ಲದ ಹಳೆಯ ಮನೆಗಳಲ್ಲಿ ಅದು ಹೇಗೋ ನಡೆಯುತ್ತಿತ್ತು. ಎರಡೂ ಇರುವ ಮನೆಯಲ್ಲಿ ನಡೆಯುವುದಿಲ್ಲ.

ಕುತೂಹಲದ ಸಂಗತಿಯೆಂದರೆ, ಕೋಣೆಯ ವಿದ್ಯುತ್ ಥರ್ಮೋಸ್ಟಾಟ್ ಹುಟ್ಟಿದ್ದೇ ಒಂದು ಯಂತ್ರ ಮತ್ತು ಹಲವು ಕೋಣೆಗಳ ತಕರಾರಿನಿಂದ. ವಿಸ್ಕಾನ್ಸಿನ್‌ನ ವೈಟ್‌ವಾಟರ್ ಊರಿನ ಸ್ಟೇಟ್ ನಾರ್ಮಲ್ ಸ್ಕೂಲ್‌ನಲ್ಲಿ ವಾರನ್ ಜಾನ್ಸನ್ ಪಾಠ ಹೇಳುತ್ತಿದ್ದಾಗ, ಅಲ್ಲಿನ ಜವಾನ ತರಗತಿಯಿಂದ ತರಗತಿಗೆ ಬಂದು ಸೆಕೆಯೋ ಚಳಿಯೋ ನೋಡಿ, ಮತ್ತೆ ನೆಲಮಾಳಿಗೆಗೆ ಇಳಿದು ಗಾಳಿದಾರಿ ತೆರೆದು ಮುಚ್ಚುವ ಡ್ಯಾಂಪರ್‌ಗಳನ್ನು ತಿರುಗಿಸಬೇಕಿತ್ತು. ಪಾಠದ ನಡುವೆ ಬಾಗಿಲು ತೆರೆದು ಬರುವುದು ಜಾನ್ಸನ್‌ಗೆ ಹಿಡಿಸಲಿಲ್ಲ. ಕೋಣೆಯ ಹದ ತಪ್ಪಿದರೆ ಕೆಳಗೆ ಗಂಟೆ ಬಾರಿಸುವ ವಿದ್ಯುತ್ ಸಾಧನಕ್ಕೆ ಆತ 1883ರಲ್ಲಿ ಪೇಟೆಂಟ್ ಪಡೆದ. 1885ರಲ್ಲಿ ಮಿಲ್ವಾಕಿಯಲ್ಲಿ ಕಂಪನಿ ಶುರುವಾಯಿತು, ಅದೇ ಇಂದಿನ ಜಾನ್ಸನ್ ಕಂಟ್ರೋಲ್ಸ್. ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ಆ ಶಾಲೆಯಲ್ಲಿ ಕೇಳುವ ಕೋಣೆಗಳು ಹಲವು ಇದ್ದರೂ ಕೆಳಗೆ ನಿಂತು ಯಾರಿಗೆ ಎಷ್ಟು ಎಂದು ನೋಡುವ ಮನುಷ್ಯ ಒಬ್ಬನೇ ಇದ್ದ. ಅವನ ಕೈಯಲ್ಲಿ ಡ್ಯಾಂಪರ್‌ಗಳೂ ಇದ್ದವು. ಆ ಮನುಷ್ಯನನ್ನೂ ಆ ಡ್ಯಾಂಪರ್‌ಗಳನ್ನೂ ಬಿಟ್ಟು ಗಂಟೆಗಳನ್ನಷ್ಟೇ ಹೆಚ್ಚಿಸಿದರೆ ಪ್ರಯೋಜನವಿಲ್ಲ.

ಆ ಮನುಷ್ಯನ ಜಾಗದಲ್ಲಿ ಈಗ ಝೋನ್ ಪ್ಯಾನೆಲ್ ಇದೆ. ತನ್ನದೇ ಥರ್ಮೋಸ್ಟಾಟ್ ಇರುವ ಮನೆಯ ಒಂದೊಂದು ಭಾಗವೂ ಒಂದು ಝೋನ್. ಫರ್ನೇಸಿನ ಪಕ್ಕದ ಗೋಡೆಯಲ್ಲಿ ಪುಸ್ತಕದ ಗಾತ್ರದ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಹಸಿರು ಬೋರ್ಡು, ಸಾಲಾಗಿ ಸ್ಕ್ರೂ ತುದಿಗಳು, ಪ್ರತಿ ಝೋನಿಗೂ ಒಂದು ದೀಪ. ಮನೆಯ ಎಲ್ಲ ಥರ್ಮೋಸ್ಟಾಟ್‌ಗಳ ತಂತಿಗಳೂ ಇಲ್ಲಿಗೇ ಬಂದು ಸೇರುತ್ತವೆ. ಫರ್ನೇಸಿಗೆ ಆಜ್ಞೆ ಕೊಡುವುದು ಪ್ಯಾನೆಲ್ ಒಂದೇ. ಮೇಲಿನ ಅಂತಸ್ತು ತಂಪು ಕೇಳಿತೆಂದರೆ ಅದು ಮೊದಲು ಕೆಳಗಿನ ಡಕ್ಟಿನ ಡ್ಯಾಂಪರನ್ನು ಮುಚ್ಚಿ, ಮೇಲಿನದನ್ನು ತೆರೆದಿಟ್ಟು, ಆಮೇಲೆ ಕಂಪ್ರೆಸರ್ ಓಡಿಸುತ್ತದೆ. ಒಂದು ಝೋನ್ ಬಿಸಿಯನ್ನೂ ಇನ್ನೊಂದು ತಂಪನ್ನೂ ಕೇಳಿದರೆ ಮೊದಲು ಬಂದವರ ಸರದಿ ನಡೆಯುತ್ತದೆ. ಹಲವು ಪ್ಯಾನೆಲ್‌ಗಳಲ್ಲಿ ಸುಮಾರು 20 ನಿಮಿಷ ಕಾದು, ಡಕ್ಟಿನಲ್ಲಿ ಉಳಿದ ಗಾಳಿಯನ್ನು ಕೇಳಿದ ಕೋಣೆಗೇ ತಳ್ಳಿ, ಬಳಿಕ ಎದುರಿನ ಬೇಡಿಕೆಗೆ ತಿರುಗುತ್ತದೆ. ಕಂಪ್ರೆಸರಿನ ಐದು ನಿಮಿಷದ ಬಿಡುವನ್ನು ಎಣಿಸುವುದೂ ಇದೇ. ಕಾಯಿಲ್ ದಾಟಿ ಬರುವ ಗಾಳಿಗೆ ಒಂದು ಸೆನ್ಸರ್ ಇಟ್ಟು, ಬಿಸಿ ಅಥವಾ ತಂಪು ಮಿತಿ ಮೀರಿದರೆ ಯಂತ್ರವನ್ನು ತಡೆಯುತ್ತದೆ. ಹಲವು ಥರ್ಮೋಸ್ಟಾಟ್‌ಗಳಿಂದ ಒಂದು ಯಂತ್ರವನ್ನು ನಡೆಸಲು ಸರಿಯಾದ ದಾರಿ ಇದು. ಅದಕ್ಕೆ ಬದಲಿಯಿದೆಯೆಂದು ನನಗೆ ಅನ್ನಿಸುವುದಿಲ್ಲ.

ಈ ಪ್ಯಾನೆಲ್‌ಗೆ ಸ್ಮಾರ್ಟ್ ಥರ್ಮೋಸ್ಟಾಟ್‌ಗಳನ್ನು ಕಟ್ಟುವಾಗ ಹೊಸ ಗೊಂದಲಗಳು ಏಳುತ್ತವೆ, ಮತ್ತು ಮಾರುವವರು ಇದನ್ನು ವಿವರಿಸುವುದು ಕಡಿಮೆ. ಮೊದಲನೆಯದು ವಿದ್ಯುತ್ತಿನದು. ಪರದೆ, ವೈಫೈ ಎರಡೂ ಇರುವ ಥರ್ಮೋಸ್ಟಾಟಿಗೆ ‘ಸಿ’ ತಂತಿ ಬೇಕೇ ಬೇಕು ಎಂದು ತಿಳಿದುಕೊಳ್ಳುವುದು ಕ್ಷೇಮ. ಅದಿಲ್ಲದೆ ‘ವೈ’ ಅಥವಾ ‘ಡಬ್ಲ್ಯೂ’ ತಂತಿಯಿಂದ ಚೂರುಚೂರು ವಿದ್ಯುತ್ ಎಳೆದುಕೊಳ್ಳುವ ಉಪಾಯ ನೇರ ಫರ್ನೇಸಿನ ಮೇಲೆ ನಡೆದರೂ, ಪ್ಯಾನೆಲ್ ಆ ಚೂರನ್ನು ಬೇಡಿಕೆಯೆಂದು ತಪ್ಪಾಗಿ ಓದಬಹುದು. ಆಗ ಯಾರೂ ಕೇಳದ ಝೋನಿನ ಡ್ಯಾಂಪರ್ ತೆರೆದುಕೊಳ್ಳುತ್ತದೆ. ಎರಡನೆಯದು ಕಲಿಕೆಯದು. ನೆಸ್ಟಿನಂಥವು ಮನೆ ಬಿಸಿಯಾಗಲು ಎಷ್ಟು ಹೊತ್ತು ಬೇಕೆಂದು ನೋಡಿ ನೋಡಿ ಕಲಿಯುತ್ತವೆ. ಬೆಳಗ್ಗೆ ಆರಕ್ಕೆ 70 ಡಿಗ್ರಿ ಇರಬೇಕೆಂದರೆ ಐದೂಕಾಲಿಗೇ ಯಂತ್ರ ಶುರು ಮಾಡುತ್ತವೆ. ಆದರೆ ಪ್ರತಿಯೊಂದು ಥರ್ಮೋಸ್ಟಾಟೂ ಯಂತ್ರ ತನ್ನೊಂದಕ್ಕೇ ಸೇರಿದ್ದೆಂದು ನಂಬಿದೆ. ಪಕ್ಕದ ಝೋನ್ ಮುಚ್ಚಿದ ದಿನ ತನ್ನ ಕೋಣೆಗೆ ಗಾಳಿ ಜೋರಾಗಿ ಬಂದು ಬೇಗ ಬಿಸಿಯಾಗುತ್ತದೆ, ತೆರೆದ ದಿನ ನಿಧಾನವಾಗುತ್ತದೆ. ಕಾರಣ ಗೊತ್ತಿಲ್ಲದ ಥರ್ಮೋಸ್ಟಾಟ್ ಎರಡನ್ನೂ ಮನೆಯ ಸ್ವಭಾವವೆಂದೇ ಬರೆದುಕೊಳ್ಳುತ್ತದೆ.

ಹೀಟ್ ಪಂಪ್ ಇರುವ ಮನೆಯಲ್ಲಿ ಈ ಅಜ್ಞಾನಕ್ಕೆ ಬೆಲೆ ಹೆಚ್ಚು. ಎಸಿಯನ್ನೇ ಹಿಮ್ಮುಖವಾಗಿ ಓಡಿಸಿದಂತಿರುವ ಹೀಟ್ ಪಂಪ್ ನಿಧಾನವಾಗಿ ಬಿಸಿಮಾಡುತ್ತದೆ. ಹದ ಬೇಗ ಏರದಿದ್ದರೆ ಥರ್ಮೋಸ್ಟಾಟ್ ಸಹಾಯಕ್ಕೆಂದು ವಿದ್ಯುತ್ ಕಾಯಿಲ್‌ಗಳನ್ನು ಕರೆಯುತ್ತದೆ, ಅವು ಮಾಡುವ ಖರ್ಚು ಎರಡು ಮೂರು ಪಟ್ಟು. ಗಾಳಿ ಇನ್ನೊಂದು ಝೋನಿಗೆ ಹರಿಯುತ್ತಿರುವುದರಿಂದಲೇ ತನ್ನಲ್ಲಿ ಹದ ಏರುತ್ತಿಲ್ಲ ಎಂಬುದು ಅದಕ್ಕೆ ಕಾಣುವುದಿಲ್ಲ. ಆದ್ದರಿಂದ ಅನುಭವಿ ಕೆಲಸಗಾರರು ಝೋನ್ ಮನೆಯಲ್ಲಿ ಥರ್ಮೋಸ್ಟಾಟ್‌ಗಳನ್ನು ಸರಳ ಒಂದು ಹಂತದ ಯಂತ್ರಕ್ಕೆಂಬಂತೆ ಹೊಂದಿಸಿ, ಎರಡನೆಯ ಹಂತ, ಸಹಾಯಕ ಬಿಸಿ, ದಿಕ್ಕು ಬದಲಾವಣೆಗಳ ತೀರ್ಮಾನವನ್ನೆಲ್ಲ ಪ್ಯಾನೆಲ್‌ಗೇ ಬಿಡುತ್ತಾರೆ. ಹಣ ಕೊಟ್ಟು ತಂದ ಬುದ್ಧಿವಂತಿಕೆಯನ್ನು ಅರ್ಧ ಆರಿಸಿಡುವುದೆಂದರೆ ಮನಸ್ಸಿಗೆ ಕಸಿವಿಸಿಯಾಗಬಹುದು. ಆದರೂ ಅದೇ ಸರಿ. ಫೋನಿನಿಂದ ನೋಡುವ ಅನುಕೂಲ, ಝೋನಿಗೊಂದು ವೇಳಾಪಟ್ಟಿ, ಮಲಗುವ ಹೊತ್ತಿಗೆ ಕೆಳಗಿನದನ್ನು ತಗ್ಗಿಸುವ ಸೌಲಭ್ಯ ಇವೆಲ್ಲ ಹೇಗೂ ಉಳಿಯುತ್ತವೆ. ಉಳಿತಾಯ ಬರುವುದೂ ಇಲ್ಲಿಂದಲೇ. ದಿನಕ್ಕೆ ಎಂಟು ಗಂಟೆ ಹದವನ್ನು 7ರಿಂದ 10 ಡಿಗ್ರಿ ಫ್ಯಾರನ್‌ಹೀಟ್ ಬಿಟ್ಟುಕೊಟ್ಟರೆ ವರ್ಷದ ವೆಚ್ಚದಲ್ಲಿ ಶೇ 10ರವರೆಗೆ ಉಳಿಸಬಹುದೆಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ.

ಈಗ ಗಾಳಿಯ ಮಾತು, ಏಕೆಂದರೆ ಝೋನ್ ಮಾಡಿಸಿಕೊಂಡ ಮನೆಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಒಂದು ಟನ್ ತಂಪಿಗೆ, ಅಂದರೆ ಗಂಟೆಗೆ 12,000 ಬಿಟಿಯುಗೆ, ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿ ಕಾಯಿಲ್ ಮೇಲೆ ಹಾಯಬೇಕು. ಮೂರು ಟನ್ ಯಂತ್ರಕ್ಕೆ 1,200 ಘನ ಅಡಿ. ಇಡೀ ಮನೆಯ ಡಕ್ಟ್‌ಗಳು ಇಷ್ಟನ್ನು ಒಯ್ಯುತ್ತವೆ, ಮೇಲಂತಸ್ತಿನ ಕವಲು ಒಂದೇ ಒಯ್ಯಲಾರದು. ನಮ್ಮಲ್ಲಿ ಒಂದೇ ಪಂಪ್‌ಸೆಟ್ಟಿನಿಂದ ನಾಲ್ಕು ತಾಕಿಗೆ ನೀರು ಹಾಯಿಸುವ ರೈತರಿಗೆ ಇದು ಹೇಳಿಕೊಡಬೇಕಾದ ವಿಷಯವಲ್ಲ. ಮೂರು ಗೇಟ್‌ವಾಲ್ವ್ ಮುಚ್ಚಿದರೆ ನಾಲ್ಕನೆಯ ಪೈಪಿನ ಜಾಯಿಂಟ್ ಬಿಡುತ್ತದೆ. ಡಕ್ಟ್ ಹಾಗೆ ಸಿಡಿಯುವುದಿಲ್ಲ, ಒತ್ತಡ ಏರಿ ಶಿಳ್ಳೆ ಹೊಡೆಯುತ್ತದೆ, ಸೋರುವ ಕಡೆಯೆಲ್ಲ ಇನ್ನೂ ಸೋರುತ್ತದೆ, ಕಾಯಿಲ್ ಮೇಲೆ ಗಾಳಿ ಸಾಲದೆ ಮಂಜುಗಟ್ಟುತ್ತದೆ. ಚಳಿಗಾಲದಲ್ಲಿ ಫರ್ನೇಸಿನ ಒಳಬಿಸಿ ಏರಿ ಸುರಕ್ಷತಾ ಸ್ವಿಚ್ ಬೀಳುತ್ತದೆ.

ಇದಕ್ಕೆ ಹಳೆಯ ಪರಿಹಾರ ಬೈಪಾಸ್. ಹೆಚ್ಚಾದ ಗಾಳಿಯನ್ನು ಒಂದು ಅಡ್ಡ ಡಕ್ಟಿನಿಂದ ಮತ್ತೆ ಯಂತ್ರದ ಬಾಯಿಗೇ ತಿರುಗಿಸುವುದು. ಒತ್ತಡವೇನೋ ಇಳಿಯುತ್ತದೆ. ಆದರೆ ಆಗಲೇ ತಂಪಾದ ಗಾಳಿ ಮತ್ತೆ ಕಾಯಿಲ್‌ಗೆ ಬಂದು ಇನ್ನಷ್ಟು ತಂಪಾಗುತ್ತಾ ಹೋಗಿ ಯಂತ್ರದ ದಕ್ಷತೆ ಕುಸಿಯುತ್ತದೆ. ನನಗೆ ಒಪ್ಪಿಗೆಯಾಗುವ ಪರಿಹಾರ ಯಂತ್ರವನ್ನೇ ತಗ್ಗಿಸುವುದು. ಎರಡು ಹಂತದ್ದೋ ಇನ್ವರ್ಟರ್ ಕಂಪ್ರೆಸರಿನದೋ ಆದರೆ, ಒಂದೇ ಝೋನ್ ತೆರೆದಾಗ ಅದು ಅರ್ಧ ಶಕ್ತಿಯಲ್ಲಿ, ಅರ್ಧ ಗಾಳಿಯಲ್ಲಿ ಓಡುತ್ತದೆ. ಕ್ಯಾರಿಯರ್ ಕಂಪನಿಯ ಇನ್ಫಿನಿಟಿ ಇಂಥದ್ದು, ಎಂಟು ಝೋನ್‌ಗಳವರೆಗೆ ತಾನೇ ನೋಡಿಕೊಳ್ಳುತ್ತದೆ. ಆದರೆ ಅದು ತನ್ನದೇ ಭಾಷೆಯಲ್ಲಿ ತನ್ನದೇ ಥರ್ಮೋಸ್ಟಾಟ್‌ಗಳೊಂದಿಗೆ ಮಾತಾಡುತ್ತದೆ. ಹೊರಗಿನ ಥರ್ಮೋಸ್ಟಾಟ್ ತಂದು ಕಟ್ಟಿದರೆ ಹೆಚ್ಚು ಕಡಿಮೆ ಮಾಡುವ ಆ ಗುಣವೇ ಮಾಯವಾಗಿ ಬರೀ ಆನ್, ಆಫ್ ಉಳಿಯುತ್ತದೆ. ದುಬಾರಿ ಯಂತ್ರ ಕೊಂಡವರು ಅಂಗಡಿಯ ಸ್ಮಾರ್ಟ್ ಥರ್ಮೋಸ್ಟಾಟಿನ ಆಸೆ ಬಿಡುವುದೇ ಲೇಸು.

ಕೋಣೆ ಕೋಣೆಯ ಗಾಳಿಬಾಯಿಗೇ ಮೋಟಾರು ಕೂರಿಸಿದ ಸ್ಮಾರ್ಟ್ ವೆಂಟ್‌ಗಳೂ ಇವೆ, ಫ್ಲೇರ್ ಅಂಥದೊಂದು ಹೆಸರು. ಗೋಡೆ ಒಡೆಯಬೇಕಿಲ್ಲ ಎಂಬ ಕಾರಣಕ್ಕೆ ಜನ ಇತ್ತ ಒಲಿಯುತ್ತಾರೆ. ಬಳಸದ ಕೋಣೆಯ ಬಾಯಿ ಮುಚ್ಚಿದರೆ ಉಳಿತಾಯವಾಗುತ್ತದೆ ಎಂಬ ನಂಬಿಕೆಯನ್ನು ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯ 2003ರಲ್ಲಿ ಪರೀಕ್ಷೆಗೆ ಒಡ್ಡಿತ್ತು. ಫಲಿತಾಂಶ ನಿರಾಶೆಯದು: ಒತ್ತಡ ಏರಿ ಡಕ್ಟ್ ಸೋರಿಕೆ ಹೆಚ್ಚಿ, ಉಳಿಯಬೇಕಾದ ಇಂಧನಕ್ಕಿಂತ ಹೆಚ್ಚೇ ಕರಗಿತ್ತು. ಇಂದಿನ ಸಾಫ್ಟ್‌ವೇರ್ ಒಂದಿಷ್ಟು ಬಾಯಿಗಳನ್ನು ಸದಾ ತೆರೆದಿಟ್ಟು ಈ ಅಪಾಯವನ್ನು ತಗ್ಗಿಸುತ್ತದೆ. ಒಂದೆರಡು ಹಟಮಾರಿ ಕೋಣೆಗಳನ್ನು ಹದಕ್ಕೆ ತರಲು ಇವು ಸಾಕು. ಇಡೀ ಮನೆಯ ಝೋನ್ ವ್ಯವಸ್ಥೆಗೆ ಬದಲಿಯಾಗಲಾರವು.

ಇಷ್ಟೆಲ್ಲ ಹೇಳಿದ ಮೇಲೆ, ಬಹುಪಾಲು ಮನೆಗಳಿಗೆ ಎರಡನೆಯ ಥರ್ಮೋಸ್ಟಾಟ್ ಬೇಕಾಗಿಯೇ ಇಲ್ಲ ಎಂಬುದನ್ನೂ ಹೇಳಬೇಕು. ಬೇಕಾದದ್ದು ಎರಡನೆಯ ಕಣ್ಣು. ಟೊರಾಂಟೊದ ಇಕೋಬಿ 2014ರಲ್ಲಿ ಕೋಣೆಯಲ್ಲಿ ಇಡುವ ಪುಟ್ಟ ಸೆನ್ಸರ್‌ಗಳನ್ನು ತನ್ನ ಥರ್ಮೋಸ್ಟಾಟಿಗೆ ಸೇರಿಸಿತು. ಜನ ಇರುವ ಕೋಣೆಗಳ ಸರಾಸರಿಯನ್ನು ಅದು ಗುರಿಗೆ ಹೋಲಿಸುತ್ತದೆ. ನೆಸ್ಟ್ 2018ರಲ್ಲಿ ತಂದ ಸೆನ್ಸರಿನಲ್ಲಿ ದಿನದ ಯಾವ ಹೊತ್ತಿಗೆ ಯಾವ ಕೋಣೆಯ ಮಾತು ಕೇಳಬೇಕೆಂದು ಆರಿಸಬಹುದು. ಯಂತ್ರ ಒಂದು, ತೀರ್ಮಾನ ಒಂದು, ಮಾಹಿತಿ ಮಾತ್ರ ಹಲವು ಕಡೆಯಿಂದ. ಇದರ ಮಿತಿಯೂ ಸ್ಪಷ್ಟ. ಕೆಳಗೆ 72, ಮೇಲೆ 80 ಇದ್ದರೆ ಸರಾಸರಿ 76. ಅದನ್ನು 74ಕ್ಕೆ ಇಳಿಸಿದರೆ ಕೆಳಗೆ 70, ಮೇಲೆ 78 ಆದೀತು. ಎಂಟು ಡಿಗ್ರಿ ಅಂತರ ಅಲ್ಲಿಯೇ ಇರುತ್ತದೆ. ಆದರೆ ರಾತ್ರಿ ಎಲ್ಲರೂ ಮೇಲೆ ಮಲಗುವ, ಹಗಲು ಎಲ್ಲರೂ ಕೆಳಗಿರುವ ಮನೆಯಲ್ಲಿ ಅಂತರ ಅಳಿಯಬೇಕಾಗಿಲ್ಲ, ಜನ ಇರುವ ಕಡೆ ಹದವಾಗಿದ್ದರೆ ಸಾಕು. ಅಜ್ಜ ಅಜ್ಜಿ ಹಗಲೆಲ್ಲ ಕೆಳಗಿದ್ದು, ಮಗಳೋ ಸೊಸೆಯೋ ಮೇಲೆ ಕೂತು ಕೆಲಸ ಮಾಡುವ ಮನೆಗೆ ಮಾತ್ರ ಇದು ಸಾಲದು. ಅಂಥ ಮನೆಗೇ ಝೋನ್ ನಿಜವಾಗಿ ಸಲ್ಲುವುದು.

ತೀರ್ಪಿನ ಕೆಲಸವನ್ನು ಮನೆಯಲ್ಲೇ ಬರೆದ ಪ್ರೋಗ್ರಾಮಿಗೆ ಒಪ್ಪಿಸುವವರೂ ಇದ್ದಾರೆ. ಹೋಮ್ ಅಸಿಸ್ಟೆಂಟ್‌ನಂಥ ಮುಕ್ತ ತಂತ್ರಾಂಶದಲ್ಲಿ ಎಲ್ಲ ಸೆನ್ಸರ್‌ಗಳನ್ನೂ ಓದಿ, ಒಂದು ಥರ್ಮೋಸ್ಟಾಟನ್ನು ಏರಿಸಿ ಇಳಿಸುವುದು ಕಷ್ಟವಲ್ಲ. ಬೆಂಗಳೂರಿನಿಂದ ಹೋದ ಎಂಜಿನಿಯರುಗಳಿಗೆ ಇದರಲ್ಲಿ ಆಸಕ್ತಿ ಹೆಚ್ಚೆಂಬುದು ಸಹಜ. ಒಂದು ಎಚ್ಚರಿಕೆ ಇರಲಿ. ಪ್ರೋಗ್ರಾಮ್ ನಿಂತ ರಾತ್ರಿಯೂ ಫರ್ನೇಸ್ ಸುರಕ್ಷಿತವಾಗಿ ನಡೆಯಬೇಕು, ಗೋಡೆಯ ಗುಂಡಿ ಒತ್ತಿದರೆ ಅಜ್ಜಿಗೂ ಬಿಸಿ ಬರಬೇಕು. ಕಂಪನಿಗಳ ಸರ್ವರನ್ನು ನಂಬುವವರಿಗೂ ಇದೇ ಮಾತು. 2016ರ ಜನವರಿಯಲ್ಲಿ ನೆಸ್ಟಿನ ಸಾಫ್ಟ್‌ವೇರ್ ದೋಷವೊಂದು ಬ್ಯಾಟರಿ ಬರಿದು ಮಾಡಿ ಚಳಿಯಲ್ಲಿ ಜನರನ್ನು ನಡುಗಿಸಿತು. 2025ರ ಅಕ್ಟೋಬರಿನಲ್ಲಿ ಮೊದಲ ಎರಡು ತಲೆಮಾರಿನ ನೆಸ್ಟ್‌ಗಳಿಗೆ ಗೂಗಲ್ ಬೆಂಬಲ ನಿಲ್ಲಿಸಿತು, ಫೋನಿನಿಂದ ನಡೆಸುವುದು ಅವಕ್ಕೆ ಇನ್ನಿಲ್ಲ. ಡಕ್ಟ್ ಮತ್ತು ಡ್ಯಾಂಪರ್‌ಗಳ ಬಾಳಿಕೆ ಇವಕ್ಕಿಂತ ಬಹಳ ಹೆಚ್ಚು.

ಬಿಸಿನೀರಿನಿಂದ ಮನೆ ಕಾಯಿಸುವ ಕಡೆ ಈ ತಲೆನೋವು ಅಷ್ಟಿಲ್ಲ. ಬಾಸ್ಟನ್ನಿನ ಹಳೆಯ ಮನೆಗಳಲ್ಲಿ ಬಾಯ್ಲರ್ ಒಂದಿದ್ದರೂ ಝೋನಿಗೊಂದು ವಾಲ್ವ್, ವಾಲ್ವಿಗೊಂದು ಥರ್ಮೋಸ್ಟಾಟ್ ಇರುತ್ತದೆ. ವಾಲ್ವ್ ಪೂರ್ತಿ ತೆರೆದ ಮೇಲೆ ಅದರ ತುದಿಯ ಸ್ವಿಚ್ ಬಾಯ್ಲರನ್ನು ಎಬ್ಬಿಸುತ್ತದೆ. ಇಂಗ್ಲೆಂಡ್, ಜರ್ಮನಿಗಳಲ್ಲಿ ಪ್ರತಿ ರೇಡಿಯೇಟರಿಗೂ ತನ್ನದೇ ವಾಲ್ವ್ ಇರುವುದು ಸಾಮಾನ್ಯ. ತಂಪಿನ ಬೇಡಿಕೆಯೇ ಇಲ್ಲದ್ದರಿಂದ ಎದುರುಬದುರು ಆಜ್ಞೆಗಳ ಪ್ರಶ್ನೆಯೂ ಏಳುವುದಿಲ್ಲ.

ಭಾರತದಲ್ಲಿ ನಾವು ಕೋಣೆಗೊಂದು ಸ್ಪ್ಲಿಟ್ ಎಸಿ ಹಾಕಿ ಪ್ರಶ್ನೆಯಿಂದ ಪಾರಾಗಿದ್ದೇವೆ. ಆದರೆ ಬೆಂಗಳೂರಿನ ಕಚೇರಿಗಳಲ್ಲಿ, ದೊಡ್ಡ ಫ್ಲಾಟುಗಳಲ್ಲಿ ಅದು ಬೇರೆ ರೂಪದಲ್ಲಿ ಬಂದಿದೆ. ಜಪಾನಿನ ಡೈಕಿನ್ 1982ರಲ್ಲಿ ತಂದ ವಿಆರ್‌ವಿ ಮಾದರಿಯಲ್ಲಿ ತಾರಸಿಯ ಮೇಲೆ ಒಂದು ಹೊರಯಂತ್ರ, ಅದಕ್ಕೆ ಹಲವು ಒಳಯಂತ್ರ, ಒಂದೊಂದಕ್ಕೂ ಒಂದು ರಿಮೋಟ್. ಇಲ್ಲಿ ಗಾಳಿಯ ಬದಲು ರೆಫ್ರಿಜರೆಂಟ್ ಅನ್ನೇ ಅಳೆದು ಹಂಚುವುದರಿಂದ ಡಕ್ಟ್ ಒತ್ತಡದ ಕಾಟವಿಲ್ಲ. ಆದರೂ ಸಾಮಾನ್ಯ ಹೀಟ್ ಪಂಪ್ ಬಗೆಯದಾದರೆ ಎಲ್ಲ ಒಳಯಂತ್ರಗಳೂ ಒಂದು ಹೊತ್ತಿಗೆ ಬಿಸಿಯನ್ನಾದರೂ ಕೊಡಬೇಕು, ತಂಪನ್ನಾದರೂ ಕೊಡಬೇಕು. ಎರಡೂ ಒಟ್ಟಿಗೆ ಬೇಕಾದರೆ ಹೀಟ್ ರಿಕವರಿ ಬಗೆಯದಕ್ಕೆ ಹೆಚ್ಚು ಹಣ ತೆರಬೇಕು. ಬೆಂಗಳೂರಿನಲ್ಲಿ ಬಿಸಿ ಕೇಳುವವರು ಅಪರೂಪವಾದ್ದರಿಂದ ಇದು ನಮಗೆ ಅಷ್ಟಾಗಿ ತಟ್ಟಿಲ್ಲ. 2020ರ ಜನವರಿಯಿಂದ ಕೋಣೆಯ ಎಸಿಗಳು 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮ ಬಂದದ್ದು ಒಳ್ಳೆಯದಾಯಿತು. ಅಮೆರಿಕದ ಮನೆಯಲ್ಲೂ ಅಪ್ಪ ಅಮ್ಮ ಮತ್ತು ಮಕ್ಕಳ ನಡುವೆ ಮಾತು ಶುರುವಾಗಬೇಕಾದ ಅಂಕಿ 24, ಅಲ್ಲಿಯ 75.

ಆ ಮನೆಗಳವರು ನನ್ನನ್ನು ಕೇಳಿದರೆ ಹೇಳುವ ಕ್ರಮ ಇದು. ಮೊದಲು ಅಟ್ಟದ ಡಕ್ಟ್‌ಗಳ ಸೋರಿಕೆ ಮುಚ್ಚಿಸಿ, ಅಟ್ಟಕ್ಕೆ ಹೊದಿಕೆ ಹೆಚ್ಚಿಸಿ. ಡಕ್ಟಿನ ಮೇಲೆ ಕೈಯಿಂದ ತಿರುಗಿಸುವ ಡ್ಯಾಂಪರ್ ಇದ್ದರೆ ಬೇಸಿಗೆಗೊಮ್ಮೆ, ಚಳಿಗೊಮ್ಮೆ ಹೊಂದಿಸಿ. ನಂತರ ಸೆನ್ಸರ್. ಅದೂ ಸಾಲದಿದ್ದರೆ ಹೇಗೂ ಹಳೆಯ ಯಂತ್ರ ಬದಲಿಸುವ ವರ್ಷದಲ್ಲಿ ಇನ್ವರ್ಟರ್ ಯಂತ್ರದೊಂದಿಗೆ ಎರಡು ಝೋನ್ ಮಾಡಿಸಿ. ನಾಲ್ಕೈದು ಬೇಡ, ಝೋನ್ ಚಿಕ್ಕದಾದಷ್ಟೂ ಗಾಳಿಗೆ ದಾರಿ ಕಡಿಮೆ. ಗ್ಯಾರೇಜಿನ ಮೇಲಿನ ಒಂದೇ ಕೋಣೆ ಕಾಡುತ್ತಿದ್ದರೆ ಅದಕ್ಕೊಂದು ಪ್ರತ್ಯೇಕ ಮಿನಿ ಸ್ಪ್ಲಿಟ್ ಹಾಕುವುದು ಇಡೀ ಮನೆಯ ಡಕ್ಟ್ ಕೆದಕುವುದಕ್ಕಿಂತ ಎಷ್ಟೋ ವಾಸಿ. ಕಂಟ್ರಾಕ್ಟರ್ ಬಂದಾಗ ಥರ್ಮೋಸ್ಟಾಟಿನ ಕಂಪನಿ ಯಾವುದೆಂದು ಕೇಳುವ ಮುನ್ನ ಒಂದು ಪ್ರಶ್ನೆ ಕೇಳಿ: ಅತಿ ಚಿಕ್ಕ ಝೋನ್ ಒಂದೇ ತೆರೆದಿರುವಾಗ ಡಕ್ಟಿನ ಒತ್ತಡ ಎಷ್ಟಿರುತ್ತದೆ? ಬಹಳಷ್ಟು ಫರ್ನೇಸುಗಳ ಮೇಲೆ ಒತ್ತಡದ ಮಿತಿ ಅರ್ಧ ಇಂಚು ನೀರಿನ ಮಟ್ಟ ಎಂದು ಬರೆದಿರುತ್ತದೆ. ಅದನ್ನು ಅಳೆಯುವ ಮೀಟರು ಅವರ ಚೀಲದಲ್ಲೇ ಇರಬೇಕು. ಅಳೆದು, ಅಂಕಿಯನ್ನು ಕಾಗದದ ಮೇಲೆ ಬರೆದುಕೊಡುವವರಿಗೇ ಕೆಲಸ ಒಪ್ಪಿಸಿ.